ಬಿಗಿಂಚಕಂಡಿ ಸಾರ್

ನಲವತ್ತು ದಾಟಿದ ಗಂಡಸು ಕುಂಚಿಗೆ ಕಟ್ಟಿಕೊಂಡರೆ ಹೇಗೆ ಕಾಣುತ್ತಾನೆ ಅನ್ನುವುದನ್ನು ನಾನು 2024ರ ಜನವರಿಯಲ್ಲಿ, ವಿಶಾಖಪಟ್ಟಣದ ಋಷಿಕೊಂಡ ಬೀಚಿನಲ್ಲಿ, ವ್ಯಾನೊಂದರ ಕನ್ನಡಿಯಲ್ಲಿ ಕಂಡೆ. ತಲೆ, ಕಿವಿ, ಕತ್ತು ಎಲ್ಲ ಕಪ್ಪು ರಬ್ಬರಿನ ಹುಡ್ಡಿನೊಳಗೆ. ಹೊರಗೆ ಉಳಿದದ್ದು ಕಣ್ಣು, ಮೂಗು ಮತ್ತು ಬಾಗಲಕೋಟೆಯ ಮೀಸೆ. ಬ್ಯಾಂಕಿನ ಗೆಳೆಯರು ಫೋಟೋ ತೆಗೆದರು, ಅದು ಊರಿಗೂ ಹೋಯಿತು. ಸಂಜೆಗೆ ಅವ್ವನ ಫೋನು.

‘ಯಾಕೋ ತಮ್ಮಾ, ಕೂಸಿನ ಕುಂಚಿಗಿ ಹಾಕ್ಕೊಂಡು ನಿಂತೀಯಲ್ಲ, ನೆಗಡಿ ಆಗೈತೇನು?’

ಸಮುದ್ರದೊಳಗೆ ಇಳಿಯುವುದಕ್ಕೆ ಅಂತ ತಿಳಿಸಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, ‘ನಮ್ಮ ಮನೀನ ನೀರಾಗ ಹೋತು. ನೀ ರೊಕ್ಕಾ ಕೊಟ್ಟು ನೀರಾಗ ಇಳೀತೀಯೇನು?’ ಅಂದಳು.

ಆಕೆ ಹೇಳಿದ್ದು ಬರೀ ಮಾತಲ್ಲ. ನಮ್ಮೂರು ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದಾಗ ಹಿನ್ನೀರಿಗೆ ಹೋದ ಊರುಗಳಲ್ಲಿ ಅದೂ ಒಂದು. ನಾನಾಗ ಕಾಲೇಜಿನಲ್ಲಿದ್ದೆ. ಅಪ್ಪ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ. ಕಲ್ಲಿನ ಹೊಸ್ತಿಲು ಮಾತ್ರ ನಾಲ್ಕು ಜನ ಹಾರೆ ಹಾಕಿ ಮೀಟಿದರೂ ಏಳಲಿಲ್ಲ. ಜಲಾಶಯದ ಪೂರ್ಣ ಮಟ್ಟ 519.60 ಮೀಟರು ಅಂತ ಪ್ರತಿ ಮಳೆಗಾಲವೂ ಪೇಪರಿನಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಆ ಅಂಕಿಯನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಮುಂದೆ ಬ್ಯಾಂಕು ಸೇರಿದೆ. ಕರಾವಳಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕೂ ಆಂಧ್ರದಲ್ಲಿ ಹುಟ್ಟಿದ ಇನ್ನೊಂದೂ 2020ರ ಏಪ್ರಿಲ್ 1ರಂದು ಮುಂಬಯಿಯ ದೊಡ್ಡ ಬ್ಯಾಂಕಿನಲ್ಲಿ ವಿಲೀನವಾದವು. ಮರುವರ್ಷ ನನಗೆ ವಿಜಯವಾಡಕ್ಕೆ ವರ್ಗ. ಸಂಜೆ ಪ್ರಕಾಶಂ ಬ್ಯಾರೇಜಿನ ಕಡೆ ಅಡ್ಡಾಡುವಾಗ, ಕೆಳಗಿರುವುದು ನಮ್ಮ ಮನೆಯ ಮೇಲೆ ನಿಂತು ಬಂದ ನೀರು ಅನಿಸುತ್ತಿತ್ತು. ಜೊತೆಗಿದ್ದವರಿಗೆ ಇದನ್ನು ತೆಲುಗಿನಲ್ಲಿ ಹೇಳುವಷ್ಟು ತೆಲುಗು ಆಗ ನನಗಿರಲಿಲ್ಲ.

ವಿಶಾಖಪಟ್ಟಣಕ್ಕೆ ಹೋದದ್ದು ಗೆಳೆಯರ ಒತ್ತಾಯಕ್ಕೆ. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಮುನ್ನೂರೈವತ್ತು ಕಿಲೋಮೀಟರು, ಕುರ್ಸುರಾ ಜಲಾಂತರ್ಗಾಮಿಯ ವಸ್ತುಸಂಗ್ರಹಾಲಯ, ಸಿಂಹಾಚಲ, ಮರುದಿನ ಸ್ಕೂಬಾ. ಕಲಿಸುವವರು ನೌಕಾಪಡೆಯಿಂದ ನಿವೃತ್ತರಾದವರು, ಕಡಿಮೆ ಮಾತಿನವರು. ಅಲ್ಲಿಯ ಬೆಚ್ಚನೆಯ ನೀರಿಗೆ ಹುಡ್ ಬೇಕೇ ಬೇಕೆಂದಿಲ್ಲ. ನನ್ನದು ಬೋಳು ತಲೆ, ಜೆಲ್ಲಿಫಿಶ್ ಸವರಿದರೆ ಉರಿಯುತ್ತದೆ ಅಂತ ಕೊಟ್ಟರು.

ಮಾಸ್ಕ್ ಅಂದರೆ ನೀರೊಳಗೆ ಕಟ್ಟಿಕೊಂಡ ಒಂದಿಷ್ಟು ಗಾಳಿ. ಕೂಡಲಸಂಗಮ ನೋಡಿದವರಿಗೆ ಬೇಗ ತಿಳಿಯುತ್ತದೆ. ಅಲ್ಲಿ ಹಿನ್ನೀರು ಬಂದರೂ ಐಕ್ಯಮಂಟಪ ಮುಳುಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿದ್ದಾರೆ. ಹೊರಗೆ ನೀರು, ಒಳಗೆ ಮೆಟ್ಟಿಲಿಳಿದು ಹೋಗಿ ಕೈಮುಗಿಯುವ ಜನ. ಆದರೆ ಆ ಗೋಡೆ ಕಾಂಕ್ರೀಟಿನದು, ಮಾಸ್ಕಿನ ಗೋಡೆ ನಮ್ಮ ಚರ್ಮಕ್ಕೆ ಒತ್ತಿಕೊಂಡ ಮೆತ್ತನೆಯ ಸಿಲಿಕೋನ್ ಅಂಚು. ನಡುವೆ ಒಂದು ಕೂದಲೆಳೆ ಬಂದರೂ ನೀರು ದಾರಿ ಮಾಡಿಕೊಳ್ಳುತ್ತದೆ.

ನನ್ನದು ಸೋರಿತು. ಹೆದರಿ ಪಟ್ಟಿ ಎಳೆದೆ. ಇನ್ನೂ ಸೋರಿತು, ಇನ್ನೂ ಎಳೆದೆ. ಎದೆಮಟ್ಟದ ನೀರಿನಲ್ಲಿ ಮೂಗಿಗೆ ಉಪ್ಪುನೀರು ನುಗ್ಗಿದ್ದೇ ತಡ, ಎದ್ದು ದಂಡೆಗೆ ಓಡಿದೆ. ಹಣೆಯ ಮೇಲೆ ಕೆಂಪು ಗೆರೆ, ಕತ್ತು ಹಿಸುಕಿದಂತಾಗಿ ತಲೆ ತಿರುಗು. ‘ಬಿಗಿಂಚಕಂಡಿ ಸಾರ್’ ಅಂದರು ಅವರು, ಬಿಗಿ ಮಾಡಬೇಡಿ ಅಂತ. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಉಳಿದವರು ಮೀನು ನೋಡಿ ಬಂದರು. ನಾನು ಜೋಳದ ತೆನೆ ತಿಂದೆ.

ಅಷ್ಟಕ್ಕೇ ಮುಗಿಯಬೇಕಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಜಯವಾಡಕ್ಕೆ ಪ್ರವಾಹ ಬಂತು. ಬುಡಮೇರು ಹಳ್ಳ ಉಕ್ಕಿ ಬಡಾವಣೆಗಳು ಮುಳುಗಿದವು. ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು. ಕಿತ್ತು ಬಂದ ದೊಡ್ಡ ದೋಣಿಗಳು ಗೇಟುಗಳಿಗೆ ಬಡಿದು ಅಲ್ಲೇ ಸಿಕ್ಕಿಕೊಂಡವು. ಅವನ್ನು ನೀರಿನಡಿ ಕತ್ತರಿಸಲು ವಿಶಾಖಪಟ್ಟಣದಿಂದ ಮುಳುಗು ತಜ್ಞರು ಬಂದರು. ಟಿವಿಯಲ್ಲಿ ನೋಡಿದ ಅವ್ವ ಫೋನು ಮಾಡಿ ಮೊದಲು ನನ್ನ ಕ್ಷೇಮ ಕೇಳಿದಳು. ಆಮೇಲೆ ತುಸು ತಡೆದು, ‘ತಮ್ಮಾ, ಅವರಿಗೆ ನೀರಾಗಿಂದು ಕಾಣತೈತೇನು?’

‘ಯಾಕವ್ವಾ?’

‘ಹಂಗ ಕೇಳಿದೆ.’

ಅಪ್ಪ ಹೋಗಿ ಆಗ ಎರಡು ವರ್ಷ. ಬೇಸಿಗೆ ಕಡುವಾದರೆ ಹಿನ್ನೀರು ಇಳಿದು ನಮ್ಮೂರ ಗುಡಿಯ ಕಟ್ಟೆ ಮೇಲೇಳುತ್ತದೆ. ಜನ ಹೋಗಿ ಕಾಯಿ ಒಡೆದು ಬರುತ್ತಾರೆ. ನಮ್ಮ ಮನೆ ತಗ್ಗಿನಲ್ಲಿತ್ತು. ಅದು ಒಮ್ಮೆಯೂ ಮೇಲೆ ಬಂದಿಲ್ಲ.

2025ರ ಜನವರಿಯಲ್ಲಿ ಒಬ್ಬನೇ ರತ್ನಾಚಲ್ ಹತ್ತಿದೆ. ಅದೇ ಗುರುಗಳು. ಈ ಸಲ ಅರ್ಧ ದಿನ ನೀರಿಗೇ ಬಿಡಲಿಲ್ಲ. ಮಾಸ್ಕನ್ನು ಪಟ್ಟಿ ಇಲ್ಲದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳಿ ಅಂದರು. ಕೈ ಬಿಟ್ಟರೂ ನಿಂತರೆ ಅದು ನಿಮ್ಮ ಮುಖದ್ದು, ಬಿದ್ದರೆ ಬೇರೆ ನೋಡಿ. ನಾಲ್ಕನೆಯದು ನಿಂತಿತು. ನೀರು ಮಾಸ್ಕನ್ನು ತಾನೇ ಮುಖಕ್ಕೆ ಒತ್ತುತ್ತದೆ, ಪಟ್ಟಿ ಇರುವುದು ಜಾರದಿರಲಿ ಅಂತ ಅಷ್ಟೆ. ಬಿಗಿದರೆ ಅಂಚು ಮಡಚಿಕೊಂಡು ಅಲ್ಲಿಂದಲೇ ಸೋರುತ್ತದೆ. ಪಟ್ಟಿ ಕಿವಿಯ ಮೇಲಲ್ಲ, ತಲೆಯ ಹಿಂಭಾಗದಲ್ಲಿ, ಕಿವಿಗಿಂತ ಮೇಲೆ ಕೂರಬೇಕು.

ಹುಡ್ಡಿನದು ಬೇರೆಯೇ ಶಾಸ್ತ್ರ. ಹೋದ ವರ್ಷ ನನಗೆ ಸೋರಿದ್ದಕ್ಕೆ ಅರ್ಧ ಕಾರಣ ಅದೇ. ಹುಡ್ಡಿನ ಅಂಚು ಹಣೆಯ ಮೇಲೆ ಮಾಸ್ಕಿನ ಕೆಳಗೆ ಸಿಕ್ಕಿಕೊಂಡಿತ್ತು. ಮೊದಲು ಹುಡ್ ತೊಟ್ಟು, ಅಂಚನ್ನು ಹಿಂದಕ್ಕೆ ಸರಿಸಿ, ಮಾಸ್ಕನ್ನು ಬರಿಯ ಚರ್ಮದ ಮೇಲೆ ಕೂರಿಸಿ, ಆಮೇಲೆ ಅಂಚನ್ನು ಅದರ ಮೇಲೆ ಎಳೆದುಕೊಳ್ಳಬೇಕು. ಕತ್ತಿನಲ್ಲಿ ಬಿಗಿಯಾದರೆ ಮಿದುಳಿಗೆ ಹೋಗುವ ರಕ್ತನಾಳ ಒತ್ತಿ ತಲೆ ತಿರುಗುತ್ತದೆ, ಅದಕ್ಕೆ ಒಂದು ಸೈಜು ದೊಡ್ಡದು ಕೊಟ್ಟರು. ನೀರಿಗಿಳಿದ ಕೂಡಲೇ ಕಿವಿಯ ಹತ್ತಿರ ಹುಡ್ಡನ್ನು ಚೂರು ಎತ್ತಿ ನೀರು ಒಳಗೆ ಬಿಟ್ಟುಕೊಳ್ಳಬೇಕು. ಅದು ಕಿವಿಗೆ ಮುಚ್ಚಳದಂತೆ ಕೂತರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ನೋಯುತ್ತದೆ. ಉಸಿರಿನ ಗುಳ್ಳೆ ಸೇರಿ ನೆತ್ತಿಯ ಮೇಲೆ ಬುಗುಟು ಏಳಬಾರದೆಂದು ಅವರ ಹುಡ್ಡುಗಳ ನೆತ್ತಿಗೆ ಕಾದ ಸೂಜಿಯಲ್ಲಿ ಸಣ್ಣ ತೂತು ಹಾಕಿದ್ದರು.

ಉಳಿದದ್ದು ಮೀಸೆ. ‘ಇದೊಂದು ಸಾರ್’ ಅಂತ ಮೂಗಿನ ಕೆಳಗೆ ಬೆರಳಿಟ್ಟರು. ಬೋಳಿಸಬೇಕೆಂದಿಲ್ಲ, ಅಂಚು ಕೂರುವಷ್ಟು ಒಂದು ಗೆರೆ ಕತ್ತರಿಸಿದರೆ ಸಾಕು. ಮಾಡಿದೆ. ಅಪ್ಪ ಇದ್ದಿದ್ದರೆ ನಗುತ್ತಿದ್ದ.

ಮರುದಿನ ಬೆಳಿಗ್ಗೆ ಮಂಗಮಾರಿಪೇಟದ ಆಚೆ ದೋಣಿಯಿಂದ ಇಳಿದೆವು. ಐದಾರು ಮೀಟರಿಗೆ ಮಾಸ್ಕ್ ಮುಖ ಹೀರತೊಡಗಿತು. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟು ಅಂತ ಪಾಠವಾಗಿತ್ತು. ಮೂಗಿನಿಂದ ಒಂದಿಷ್ಟು ಗಾಳಿ ಬಿಟ್ಟೆ, ಹೀರುವುದು ನಿಂತಿತು. ತುಸು ನೀರು ಬಂದಾಗ ಮೇಲಂಚು ಒತ್ತಿ, ತಲೆ ಎತ್ತಿ, ಮೂಗಿನಿಂದ ಊದಿದೆ. ಹೋಯಿತು. ಕೈ ಪಟ್ಟಿಯ ಕಡೆ ಹೋಗಿತ್ತು, ಅವರು ನೋಡಿ ಬೆರಳು ಆಡಿಸಿದರು. ಮೀನು ಕಂಡೆ, ಬಂಡೆ ಕಂಡೆ. ವರ್ಣಿಸುವಷ್ಟೇನೂ ಇಲ್ಲ, ನೀರು ಮಬ್ಬಾಗಿತ್ತು.

ದಂಡೆಯಲ್ಲಿ ಕೇಳಿದೆ: ಬ್ಯಾರೇಜಿನ ಆ ಕೆಂಪು ನೀರಿನಲ್ಲಿ ಇಳಿದವರಿಗೆ ಏನು ಕಂಡಿತು?

‘ಏಮೀ ಕನಿಪಿಂಚದು ಸಾರ್.’ ಏನೂ ಕಾಣದು, ಕೈಯಲ್ಲಿ ತಡವಿಯೇ ಕೆಲಸ. ಹಾಗಾದರೆ ಮುಖ ಯಾಕೆ ಮುಚ್ಚಿಕೊಳ್ಳಬೇಕು? ಮೂಗು ಒಣಗಿರಬೇಕಲ್ಲ, ಮೂಗು ಒಣಗಿದ್ದರೆ ಮನುಷ್ಯ ಗಾಬರಿಯಾಗುವುದಿಲ್ಲ, ಅಂದರು.

ಯುಗಾದಿಗೆ ಊರಿಗೆ ಹೋಗುವಾಗ ಆ ನಾಲ್ಕನೆಯ ಮಾಸ್ಕನ್ನು ಕೊಂಡು ಒಯ್ದೆ. ಪುನರ್ವಸತಿ ಕೇಂದ್ರದ ನಮ್ಮ ಪಡಸಾಲೆಯಲ್ಲಿ ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುಖಕ್ಕಿಟ್ಟು ಮೂಗಿಲೆ ಉಸಿರು ಎಳಕೋ ಅಂದೆ. ಎಳೆದುಕೊಂಡಳು. ಕೈ ಬಿಟ್ಟರೂ ನಿಂತಿತು. ನಕ್ಕಳು, ಬಿತ್ತು.

‘ಇದನ್ನ ಹಾಕ್ಕೊಂಡು ನಮ್ಮೂರಾಗ ಇಳಿದರ ಹೊಸ್ತಿಲಾ ಕಾಣತೈತೇನು?’

‘ಇಲ್ಲವ್ವಾ. ರಾಡಿ ನೀರು, ಇಪ್ಪತ್ತು ವರ್ಷದ ಹೂಳು. ಕೈಲೇ ತಡವಬೇಕು.’

‘ಹೌದಾ?’ ಅಂತ ಮಾಸ್ಕಿನ ಗಾಜನ್ನು ಸೆರಗಿನಿಂದ ಒರೆಸಿದಳು. ‘ಕೈಗೆ ಗೊತ್ತಾಗತೈತಿ ಬಿಡು. ಎಡಕ ಸ್ವಲ್ಪ ತೆಗ್ಗು ಬಿದ್ದೈತಿ ಅದು. ನಿಮ್ಮಪ್ಪ ಅಲ್ಲೇ ಕುಡಗೋಲ ಮಸೀತಿದ್ದ.’