ಹಿಂತೊ ಪುರೀಝು, ಸೆನ್ಸೆ!

ಫೆಬ್ರವರಿ. ಜಪಾನಿನ ನಗಾನೊ ಪ್ರಾಂತ್ಯದ ಒಂದು ಸಣ್ಣ ಊರು. ರಾತ್ರಿ ಬಿದ್ದ ಹಿಮವನ್ನು ಶಾಲೆಯ ಗೇಟಿನಿಂದ ಆಚೆ ತಳ್ಳುತ್ತಿರುವವರು ಜವಾನರಲ್ಲ, ಉಪಮುಖ್ಯೋಪಾಧ್ಯಾಯರು. ಸಲಿಕೆ ನಿಲ್ಲಿಸಿ ತಲೆಬಾಗುತ್ತಾರೆ. ನೀವೂ ಬಾಗುತ್ತೀರಿ. ಬಾಗಿಲಲ್ಲಿ ಹಿಮದ ಬೂಟು ಬಿಚ್ಚಿ ನಿಮ್ಮ ಗೂಡಿನಲ್ಲಿಟ್ಟು, ಒಳಗಷ್ಟೇ ಮೆಟ್ಟುವ ಉವಾಬಾಕಿಗೆ ಕಾಲು ತೂರಿಸುತ್ತೀರಿ. ಸ್ಟಾಫ್ ರೂಮಿನ ಬಾಗಿಲು ಸರಿಸಿ, ಇಡೀ ಕೋಣೆಗೆ ಕೇಳುವಂತೆ ‘ಒಹಾಯೋ ಗೊಝಾಯಿಮಸ್’ ಎಂದು ಬೆಳಗಿನ ನಮಸ್ಕಾರ ಹೇಳಬೇಕು. ಯಾರಿಗೂ ತೊಂದರೆ ಬೇಡವೆಂದು ಸದ್ದಿಲ್ಲದೆ ಬಂದು ಕೂರುವುದು ಇಲ್ಲಿ ವಿನಯವಲ್ಲ, ಒರಟುತನ.

ಮೇಜಿನ ಮೇಲೆ ಈ ದಿನದ ವೇಳಾಪಟ್ಟಿ. ಎರಡನೇ ಪೀರಿಯಡ್ ಮೂರನೇ ತರಗತಿ. ಐದನೇ ಪೀರಿಯಡ್ ಆರನೇ ತರಗತಿ. ನೀವು ಎ.ಎಲ್.ಟಿ., ಅಂದರೆ ಸಹಾಯಕ ಭಾಷಾ ಶಿಕ್ಷಕರು; ಎಲ್ಲರ ಬಾಯಲ್ಲಿ ‘ಸೆನ್ಸೆ’, ಗುರುಗಳು. 1987ರಲ್ಲಿ ಶುರುವಾದ ಜೆಟ್ ಎಂಬ ಸರ್ಕಾರಿ ಯೋಜನೆ ನಿಮ್ಮಂಥವರನ್ನು ಹೊರದೇಶಗಳಿಂದ ಕರೆಸಿಕೊಳ್ಳುತ್ತದೆ. ‘ಸಹಾಯಕ’ ಎಂಬುದು ಬರಿಯ ಮರ್ಯಾದೆಯ ಮಾತಲ್ಲ. ತರಗತಿ ಕ್ಲಾಸ್ ಟೀಚರದ್ದು. ಗಣಿತ, ವಿಜ್ಞಾನ, ಜಪಾನಿ ಭಾಷೆ ಎಲ್ಲ ಕಲಿಸುವ ಅವರೇ ಇಂಗ್ಲಿಷಿಗೂ ಹೊಣೆ, ಇಂಗ್ಲಿಷ್ ಅಂದರೆ ಅವರಿಗೇ ಎದೆ ಡವಡವ ಅಂದರೂ.

ಮೂರನೇ ತರಗತಿಯ ಬಾಗಿಲಿಗೆ ಬರುವಷ್ಟರಲ್ಲೇ ಒಳಗೆ ಗಲಾಟೆ. ಮೂಲೆಯಲ್ಲಿ ಸೀಮೆಎಣ್ಣೆಯ ಹೀಟರು ಗುರುಗುಡುತ್ತಿದೆ. ಆ ದಿನದ ಪಾಳಿಯ ಹುಡುಗ ಎದ್ದು ಕೂಗಿದ್ದೇ ಎಲ್ಲರೂ ಎದ್ದು ಬಾಗಿ, ನಲವತ್ತೈದು ನಿಮಿಷದ ಪಾಠ ಶುರು. ಇವತ್ತಿನದು ‘ವಾಟ್ಸ್ ದಿಸ್?’ ನಿಮ್ಮ ಕೈಯಲ್ಲಿ ಎರಡು ಬದಿಗೂ ತೂತು ಕೊರೆದ ರಟ್ಟಿನ ಪೆಟ್ಟಿಗೆ. ಒಳಗಿರುವುದು ಮಕ್ಕಳಿಗೆ ಕಾಣಬಾರದು. ಕೈ ಹಾಕಿ ಮುಟ್ಟಿಯೇ ಹೇಳಬೇಕು.

ಮೊದಲು ಬಂದ ಹುಡುಗಿ ಬೆರಳು ತಾಗಿಸಿದ್ದೇ ಕಿಟಾರನೆ ಕಿರುಚಿ ಹಿಂದೆ ಹಾರುತ್ತಾಳೆ. ಒಳಗಿರುವುದು ಒಣಗಿದ ಹುಣಸೆಕಾಯಿ. ‘ಹಾವು!’ ಅನ್ನುತ್ತಾನೆ ಒಬ್ಬ, ಮುಟ್ಟದೆಯೇ. ‘ಹಿಂತೊ ಪುರೀಝು!’, ಅಂದರೆ ‘ಹಿಂಟ್ ಪ್ಲೀಸ್’, ಎಂದು ಇಡೀ ತರಗತಿ ಒಂದೇ ಗಂಟಲಲ್ಲಿ ಬೇಡುತ್ತದೆ. ಕನ್ನಡದಲ್ಲಿ ಬಸ್ಸು, ಕಾರು ಎನ್ನುತ್ತ ಬೆಳೆದ ನಿಮಗೆ ಆ ಕೊನೆಯ ‘ಉ’ ಏನೂ ವಿಚಿತ್ರವಲ್ಲ. ತಿದ್ದಲು ಮನಸ್ಸೇ ಬರುವುದಿಲ್ಲ. ‘ಫ್ರೂಟ್. ಬ್ರೌನ್. ಸವರ್!’ ಎಂದು ಮುಖ ಹುಳ್ಳಗೆ ಮಾಡಿ ತೋರಿಸುತ್ತೀರಿ. ಮೂವತ್ತು ಮುಖಗಳೂ ಹುಳ್ಳಗಾಗುತ್ತವೆ. ಕ್ಲಾಸ್ ಟೀಚರಿನದೂ. ‘ಉಮೆಬೋಶಿ!’ ಉಪ್ಪಿನಲ್ಲಿ ಹಾಕಿದ ಅವರ ಹುಳಿಹಣ್ಣು. ಅಲ್ಲ, ಆದರೆ ಬಲು ಹತ್ತಿರ.

ಎರಡನೆಯದು ಚನ್ನಪಟ್ಟಣದ ಬೊಂಬೆ. ಕೈ ಹಾಕಿದವನು ಒಂದು ಗಳಿಗೆಯೂ ತಡವರಿಸದೆ ‘ಕೊಕೆಶಿ!’ ಎಂದು ತನ್ನ ನಾಡಿನ ಮರದ ಬೊಂಬೆಯ ಹೆಸರು ಹೇಳಿಬಿಡುತ್ತಾನೆ. ಬಾವಸ್ ಮಿಯಾ ಎಂಬವರು ಜಪಾನಿನ ಅರಗುಗೆಲಸದ ರೀತಿಯನ್ನು ಚನ್ನಪಟ್ಟಣದ ಬೊಂಬೆಗಳಿಗೆ ಅಳವಡಿಸಿದರೆಂದು ನಮ್ಮಲ್ಲಿ ಹೇಳುತ್ತಾರಲ್ಲ, ಆ ಹುಡುಗನ ಬೆರಳಿಗೆ ಅದು ಗೊತ್ತಾಯಿತೋ ಏನೋ. ಇದನ್ನೆಲ್ಲ ವಿವರಿಸಲು ಅವನಲ್ಲಿ ಇಂಗ್ಲಿಷ್ ಇಲ್ಲ, ನಿಮ್ಮಲ್ಲಿ ಜಪಾನಿ ಇಲ್ಲ. ‘ಕ್ಲೋಸ್!’ ಎಂದು ಚಪ್ಪಾಳೆ ತಟ್ಟುತ್ತೀರಿ.

ಈ ಗದ್ದಲಕ್ಕೆ ಅಂಕವಿಲ್ಲ. 2020ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಮೂರು, ನಾಲ್ಕನೇ ತರಗತಿಗೆ ಇಂಗ್ಲಿಷ್ ಒಂದು ‘ಚಟುವಟಿಕೆ’, ವರ್ಷಕ್ಕೆ 35 ಪೀರಿಯಡ್. ಐದು, ಆರಕ್ಕೆ ಬಂದರೆ ಅದೇ ‘ವಿಷಯ’ವಾಗುತ್ತದೆ: 70 ಪೀರಿಯಡ್, ಪಠ್ಯಪುಸ್ತಕ, ಪ್ರಗತಿಪತ್ರದಲ್ಲೊಂದು ಸಾಲು.

ನಡುವೆ ಊಟ. ಬಿಳಿ ನಿಲುವಂಗಿ, ಬಿಳಿ ಟೋಪಿ ತೊಟ್ಟ ಮಕ್ಕಳೇ ಅಡುಗೆಯ ಕೊಳಗಗಳನ್ನು ಹೊತ್ತು ತಂದು ಬಡಿಸುತ್ತಾರೆ. ಮಕ್ಕಳಿಗಿಂತ ಮುಂಚೆಯೇ ಮುಖ್ಯೋಪಾಧ್ಯಾಯರು ಉಂಡು ನೋಡಿರುತ್ತಾರೆ. ಅದು ಅವರ ಕೆಲಸದಲ್ಲೇ ಸೇರಿದ್ದು. ಸಾರಿನಲ್ಲಿ ಮೀನಿನ ರಸ ಇರುವುದರಿಂದ ನೀವು ಡಬ್ಬಿ ತಂದಿದ್ದೀರಿ. ಮುಚ್ಚಳ ತೆಗೆದರೆ ಚಿತ್ರಾನ್ನ. ‘ಕರೇ!’ ಅನ್ನುತ್ತಾಳೆ ಪಕ್ಕದವಳು, ಹಳದಿ ಬಣ್ಣ ಕಂಡು. ಅಲ್ಲ ಅನ್ನುತ್ತೀರಿ. ಅವಳು ನಂಬುವುದಿಲ್ಲ. ಇಂಡಿಯಾದವರು ದಿನಾ ಕರಿ ತಿನ್ನುತ್ತಾರೆ, ಆನೆಯ ಮೇಲೆ ಶಾಲೆಗೆ ಹೋಗುತ್ತಾರೆ ಎಂಬಲ್ಲಿಗೆ ಅವಳ ಭೂಗೋಳ ಮುಗಿದಿದೆ. ಅಷ್ಟರಲ್ಲಿ ರಜೆ ಹಾಕಿದವನ ಪುಡ್ಡಿಂಗ್ ಒಂದು ಉಳಿದಿದೆ ಎಂಬ ಸುದ್ದಿ. ಎಂಟು ಮಂದಿ ಎದ್ದು ನಿಲ್ಲುತ್ತಾರೆ. ಕಲ್ಲು, ಕತ್ತರಿ, ಕಾಗದ: ಜಾಂಕೆನ್! ಸೋತವರು ನೆಲಕ್ಕೆ ಕುಸಿಯುತ್ತಾರೆ. ಗೆದ್ದವನು ಎರಡೂ ಕೈ ಎತ್ತಿ ಕೋಣೆಯನ್ನೊಂದು ಸುತ್ತು ಹಾಕುತ್ತಾನೆ. ಜಗಳವಿಲ್ಲ, ಮೇಲ್ಮನವಿಯಿಲ್ಲ.

ಉಂಡ ಮೇಲೆ ಶಾಲೆ ತೊಳೆಯುವುದು. ನಗಾನೊದ ಹಲವು ಶಾಲೆಗಳಂತೆ ಇಲ್ಲೂ ಅದು ಮಾತಿಲ್ಲದ ಕೆಲಸ. ಮಂಡಿಯೂರಿ, ಒದ್ದೆ ಬಟ್ಟೆಯ ಮೇಲೆ ಎರಡೂ ಅಂಗೈ ಒತ್ತಿ, ಅಂಗಳ ಸಾರಿಸುವವರಂತೆ ಬಗ್ಗಿ ಕಾರಿಡಾರಿನುದ್ದಕ್ಕೂ ಒರೆಸುತ್ತ ಹೋಗುತ್ತಾರೆ. ನಿಮಗೂ ಒಂದು ಬಟ್ಟೆ ಸಿಗುತ್ತದೆ. ನೀರು ಮಂಜಿನಷ್ಟು ತಣ್ಣಗೆ.

ಆರನೇ ತರಗತಿ ಈಗ. ಬಾಗಿಲು ಸರಿಸಿದರೂ ಸದ್ದಿಲ್ಲ. ಮಾರ್ಚಿನಲ್ಲಿ ಈ ಶಾಲೆ ಮುಗಿದು ಏಪ್ರಿಲಿಗೆ ಜೂನಿಯರ್ ಹೈಸ್ಕೂಲು. ಅಲ್ಲಿ ಯಾವ ಕ್ಲಬ್ಬು ಸೇರುತ್ತೀಯ ಎಂಬುದೇ ಪಾಠ. ‘ಎನಿ ವಾಲಂಟಿಯರ್ಸ್?’ ಎಂದಿರೋ, ಮೂವತ್ತು ತಲೆಗಳೂ ಪುಸ್ತಕದೊಳಗೆ. ಒಬ್ಬ ಹುಡುಗಿಯನ್ನು ಹೆಸರು ಹಿಡಿದು ಕೇಳಿದರೆ ಅವಳು ಎದ್ದು, ಬಲಗಡೆಯವಳನ್ನು ಕೇಳಿ, ಎಡಗಡೆಯವನನ್ನು ಕೇಳಿ, ಟೀಚರ ಮುಖ ನೋಡಿ ಮತ್ತೆ ಕೂರುತ್ತಾಳೆ. ಪೆದ್ದಿಯಲ್ಲ. ಅವಳ ಹಾಳೆಯಲ್ಲಿ ಬ್ರಾಸ್ ಬ್ಯಾಂಡ್ ಸೇರುವ ಆಸೆ ಒಂದಕ್ಷರ ತಪ್ಪಿಲ್ಲದೆ ಬರೆದಿದೆ. ತಪ್ಪೆಂದರೇನು ಎಂದು ಅವಳಿಗೆ ಈಗ ಗೊತ್ತಿದೆ, ಅಷ್ಟೇ. ವಯಸ್ಸಿನ ಸಂಕೋಚ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಇದ್ದೀತು. ಆದರೆ ಅದೇ ಹುಡುಗಿ ಜಾಂಕೆನ್‌ನಲ್ಲಿ ಕೂಗುವುದನ್ನು ಇದೇ ಕಾರಿಡಾರಿನಲ್ಲಿ ನೀವು ಕೇಳಿದ್ದೀರಿ. ನನ್ನ ಗುಮಾನಿ ಆ ಪ್ರಗತಿಪತ್ರದ ಸಾಲಿನ ಮೇಲೆ.

ಹಾಗಾಗಿ ಟ್ಯಾಬ್ಲೆಟ್. ಪ್ರತಿ ಮಗುವಿಗೂ ಒಂದಿದೆ. ನಿಮ್ಮ ಮಾತು ನೀವೇ ರೆಕಾರ್ಡ್ ಮಾಡಿ ಕಳಿಸಿ ಎಂದದ್ದೇ ಕೋಣೆ ಖಾಲಿ. ಒಬ್ಬೊಬ್ಬರೂ ಕಾರಿಡಾರಿನ ಒಂದೊಂದು ಮೂಲೆ ಹಿಡಿದು, ಗೋಡೆಗೆ ಮುಖ ಮಾಡಿ ಮಾತಾಡಿ ಅಳಿಸಿ, ಮತ್ತೆ ಮಾತಾಡುತ್ತಿದ್ದಾರೆ. ಚಪ್ಪಲಿ ಗೂಡಿನ ಹಿಂದಿನಿಂದ ಅವಳ ದನಿ, ಜೋರಾಗಿಯೇ.

ಸಂಜೆ ನಾಲ್ಕಕ್ಕೆ ಕ್ಲಾಸ್ ಟೀಚರು ಲ್ಯಾಪ್‌ಟಾಪ್ ಹಿಡಿದು ನಿಮ್ಮ ಮೇಜಿಗೆ ಬರುತ್ತಾರೆ. ಅವಳ ರೆಕಾರ್ಡಿಂಗ್ ಕೇಳಿಸುತ್ತಾರೆ. ‘ಸೆನ್ಸೆ, ಏನನ್ನಿಸುತ್ತೆ? ಎ? ಬಿ?’

‘ಎ’ ಅನ್ನುತ್ತೀರಿ.

‘ತರಗತಿಯಲ್ಲಿ ಬಾಯಿಬಿಡಲಿಲ್ಲವಲ್ಲ.’ ಅವರು ಪಟ್ಟಿಯಲ್ಲಿ ಬಿ ಬರೆಯುತ್ತಾರೆ. ನಿಮ್ಮ ಮುಖ ನೋಡಿ ನಗುತ್ತಾರೆ. ‘ಪೆನ್ಸಿಲಲ್ಲಿ ಬರೆದಿದ್ದೀನಿ. ಇನ್ನೂ ಮೂರು ಪೀರಿಯಡ್ ಇದೆ.’