ತಲೆ ಕೊಡವುವ ನಾಯಿಯ ದೂರು

ಆಟಿಯ ಮಳೆ ಹಿಡಿದ ದಿನಗಳಲ್ಲಿ ಕಾಸರಗೋಡಿನ ತೋಟದ ಮನೆಗಳ ಅಂಗಳದಲ್ಲಿ ತಲೆ ಕೊಡವುವ ನಾಯಿ ಅಪರೂಪದ ನೋಟವಲ್ಲ. ಅದು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತದೆ, ಗೋಡೆಗೆ ತಲೆಯುಜ್ಜುತ್ತದೆ. ಉಣ್ಣಿ ಹೊಕ್ಕಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ದಿನ ಕಳೆದು ಕಿವಿಯಿಂದ ದುರ್ವಾಸನೆ ಬಂದಾಗ, ಜಗಲಿಯ ಬದಿಯಲ್ಲಿ ಮಲಗುತ್ತಿದ್ದ ನಾಯಿಯನ್ನು ಕೊಟ್ಟಿಗೆಯ ಬಳಿ ಕಟ್ಟುವುದೂ ಉಂಟು. ನೊಂದ ಪ್ರಾಣಿಗೆ ದೊರೆಯುವ ತೀರ್ಪು ಗಡಿಪಾರು!

ನಾಯಿಯ ಕಿವಿಯ ರಚನೆಯೇ ಈ ರೋಗಕ್ಕೆ ಎಡೆಗೊಡುವಂಥದು. ಅದರ ಕಿವಿಯ ಹಾದಿ ಮೊದಲು ಕೆಳಗಿಳಿದು ಬಳಿಕ ಒಳಕ್ಕೆ ತಿರುಗುತ್ತದೆ. ಒಳಹೊಕ್ಕ ನೀರೂ ಕೊಳೆಯೂ ಸುಲಭವಾಗಿ ಹೊರಬರಲಾರವು. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ನಂತಹ ಜೋಲುಕಿವಿಯ ತಳಿಗಳಲ್ಲಿ ಗಾಳಿಯಾಟ ಇನ್ನೂ ಕಡಿಮೆ. ಆರೋಗ್ಯವಂತ ಕಿವಿಯಲ್ಲೂ ಇರುವ ಮಲಸೀಜಿಯಾ ಎಂಬ ಶಿಲೀಂಧ್ರವು ತೇವ ದೊರೆತೊಡನೆ ಮಿತಿಮೀರಿ ಬೆಳೆಯುತ್ತದೆ; ಬ್ಯಾಕ್ಟೀರಿಯಾಗಳೂ ಜೊತೆಗೂಡುತ್ತವೆ. ಮರಿಗಳಲ್ಲಿ ಕಿವಿಯ ನುಸಿ ಕಾರಣವಾಗಬಹುದು. ಪದೇ ಪದೇ ಮರುಕಳಿಸುವ ಸೋಂಕಿನ ಹಿಂದೆ ಹಲವು ವೇಳೆ ಅಲರ್ಜಿಯಿರುತ್ತದೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೋ ಮನುಷ್ಯರಿಗೆ ತಂದು ಉಳಿದ ಹನಿಮದ್ದನ್ನೋ ಸುರಿಯುವುದು ಉಪಕಾರವಲ್ಲ. ಕಿವಿಯ ತಮಟೆ ಹರಿದಿದ್ದರೆ ಕೆಲವು ಔಷಧಗಳು ಶ್ರವಣಶಕ್ತಿಯನ್ನೇ ಕೆಡಿಸಬಲ್ಲವು. ಹತ್ತಿಯ ಕಡ್ಡಿ ಕೊಳೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ತಮಟೆಯನ್ನು ಪರೀಕ್ಷಿಸಿ, ಕಿವಿಯ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರೇ ಮದ್ದನ್ನು ನಿರ್ಧರಿಸಬೇಕು. ಕೆರೆತ ನಿಂತಿತೆಂದು ಮದ್ದನ್ನು ನಡುವೆಯೇ ಬಿಟ್ಟರೆ ರೋಗ ಬೇರೂರುತ್ತದೆ. ಬಿರುಸಾಗಿ ತಲೆ ಕೊಡವಿ ರಕ್ತನಾಳ ಒಡೆದರೆ ಕಿವಿಯ ಹಾಳೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಸೋಂಕು ಒಳಗಿವಿಗೆ ತಲಪಿದರೆ ತಲೆ ಒಂದೆಡೆಗೆ ವಾಲಿ, ನಡಿಗೆಯೇ ತಪ್ಪುತ್ತದೆ.

ಪ್ರಾಣಿಗಳ ಕ್ಷೇಮಕ್ಕಾಗಿ, ಅವುಗಳಿಗೆ ಅನಗತ್ಯ ನೋವಾಗದಂತೆ ತಡೆಯಲು ಯುಕ್ತವಾದ ಕ್ರಮಗಳನ್ನೆಲ್ಲ ಕೈಗೊಳ್ಳುವುದು ಸಾಕುವವರ ಕರ್ತವ್ಯವೆಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಹೊಡೆಯದಿದ್ದರೆ ಸಾಕು, ಹಿಂಸೆಯಾಗಲಿಲ್ಲವೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಆದರೂ ಕಿವಿನೋವಿನ ನಾಯಿಯ ಪರವಾಗಿ ಠಾಣೆಯ ಮೆಟ್ಟಿಲೇರುವವರು ಯಾರು? ಅದರ ದೂರನ್ನು ಕೇಳಬೇಕಾದವರೂ ಮೃಗಾಸ್ಪತ್ರೆಯಲ್ಲಿ ಅದರ ಪರವಾಗಿ ಹೇಳಬೇಕಾದವರೂ ಮನೆಯವರೇ.

ಕಚೇರಿಯಲ್ಲಿ ತಮ್ಮ ಮಾತು ಅರ್ಥವಾಗದೆ ನಿಲ್ಲುವ ಅಸಹಾಯಕತೆ ಗಡಿನಾಡಿನ ಕನ್ನಡಿಗರಿಗೆ ಹೊಸದಲ್ಲ. ಅದನ್ನು ಉಂಡವರಿಗೆ ಮಾತೇ ಇಲ್ಲದ ಜೀವದ ಸಂಕಟ ಬೇಗ ತಿಳಿಯಬೇಕು. ಮಳೆಯಲ್ಲಿ ತೊಯ್ದು ಬಂದ ನಾಯಿಯ ಕಿವಿಯನ್ನು ಎತ್ತಿ ನೋಡಲು, ಒಣಬಟ್ಟೆಯಿಂದ ಒರೆಸಲು ಒಂದು ನಿಮಿಷ ಸಾಕು. ರಾತ್ರಿಯಿಡೀ ಮನೆಗಾಗಿ ಕಿವಿ ನಿಮಿರಿಸಿ ಕಾಯುವ ಜೀವಕ್ಕೆ ಅಷ್ಟು ಸಲ್ಲಬೇಕಾದುದೇ.