ದೀಪ ಯಾರನ್ನು ಕೇಳಿ ಉರಿಯಬೇಕು?

ಸುಳ್ಯ ಪೇಟೆಗೆ ಇಂದಿಗೂ ರೈಲಿಲ್ಲ. ಕಾಞಂಗಾಡಿನಿಂದ ಪಾಣತ್ತೂರು ದಾರಿಯಾಗಿ ಕಾಣಿಯೂರಿಗೆ ಹಳಿ ಹಾಕುವ ಮಾತಾಗಿದೆ, ಸರ್ವೆಯೂ ಆಗಿದೆ. ಹಳಿ ಮಾತ್ರ ಬಂದಿಲ್ಲ. ಅಲ್ಲಿಯವರು ರೈಲು ಹತ್ತಬೇಕಾದರೆ ಒಂದೋ ಪುತ್ತೂರಿಗೆ ಬರಬೇಕು, ಇಲ್ಲವೇ ಕಡಬ ತಾಲೂಕಿನ ನೆಟ್ಟಣಕ್ಕೆ ಹೋಗಬೇಕು. ನೆಟ್ಟಣವೆಂದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್. ಬಹುಶಃ ಅದಕ್ಕೇ ಇರಬೇಕು, ದಿನ ಬೆಳಗಾದರೆ ರೈಲಿನ ಕೂಗು ಕೇಳುವ ನಮ್ಮ ಪುತ್ತೂರಿನ ಮಕ್ಕಳಿಗಿಂತ ಆ ಕಡೆಯ ಮಕ್ಕಳಿಗೆ ರೈಲಿನ ಹುಚ್ಚು ಒಂದು ಕೈ ಹೆಚ್ಚು.

ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ತಂಗಿಯ ಮಗಳು ಅಂಥವರಲ್ಲಿ ಒಬ್ಬಳು. ಅವರ ಮನೆ ಬೆಳ್ಳಾರೆ ಕಡೆ, ಅಡಿಕೆ ತೋಟದ ನಡುವೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ರೈಲ್ವೆ ಸ್ಟೇಷನ್ನಿನ ಮಾದರಿಯನ್ನೇ ಮಾಡುವುದೆಂದು ಅವಳು ಹಟ ಹಿಡಿದಿದ್ದಳು. ಜ್ವಾಲಾಮುಖಿ ಮಾಡು, ಸುಲಭ ಎಂದು ಮನೆಯವರು ಹೇಳಿ ನೋಡಿದರಂತೆ. (ನಮ್ಮ ವಸ್ತುಪ್ರದರ್ಶನಗಳಲ್ಲಿ ಎಷ್ಟು ಜ್ವಾಲಾಮುಖಿಗಳು ಸಿಡಿಯುತ್ತವೆಂದರೆ, ಪಶ್ಚಿಮ ಘಟ್ಟ ಇನ್ನೂ ತಣ್ಣಗಿರುವುದೇ ಆಶ್ಚರ್ಯ.) ಅವಳು ಕೇಳಲಿಲ್ಲ.

ಆರಡಿ ಉದ್ದದ ಪ್ಲೈವುಡ್ ಹಲಗೆ. ಅದರ ಮೇಲೆ ಆಟಿಕೆಯ ರೈಲಿನ ಪ್ಲಾಸ್ಟಿಕ್ ಹಳಿ. ನಡುವೆ ನೇರ ಹೋಗುವ ಮೈನ್ ಲೈನು, ಅದರಿಂದ ಕವಲೊಡೆಯುವ ಎರಡು ಲೂಪ್ ಲೈನು. ಕವಲು ಒಡೆಯುವಲ್ಲಿ ಎರಡು ಪಾಯಿಂಟ್ಸ್. ಪಾಯಿಂಟ್ಸ್ ಗೊತ್ತಿಲ್ಲದವರಿಗೆ ಒಂದು ಮಾತು: ಹಳಿ ಎರಡಾಗುವಲ್ಲಿ ತುದಿ ಚೂಪಾದ ಎರಡು ನಾಲಿಗೆಗಳಿರುತ್ತವೆ. ಅವು ಒಟ್ಟಿಗೆ ಅತ್ತಿತ್ತ ಸರಿಯುತ್ತವೆ. ಒಂದು ಬದಿಯ ನಾಲಿಗೆ ತನ್ನ ಪಕ್ಕದ ಹಳಿಗೆ ಅಂಟಿಕೊಂಡರೆ ರೈಲು ನೇರ, ಇನ್ನೊಂದು ಅಂಟಿಕೊಂಡರೆ ರೈಲು ಪಕ್ಕಕ್ಕೆ. ರೈಲಿಗೆ ಸ್ಟೀರಿಂಗ್ ಇಲ್ಲವಲ್ಲ. ದಾರಿ ತೀರ್ಮಾನಿಸುವುದು ಚಾಲಕರಲ್ಲ, ಈ ನಾಲಿಗೆ. ಹುಡುಗಿ ಹಲಗೆಯ ಅಡಿಯಿಂದ ಸೈಕಲ್ಲಿನ ಕಡ್ಡಿ ಹಾಯಿಸಿ, ಇತ್ತ ಸಣ್ಣ ಲಿವರ್ ಎಳೆದರೆ ಅತ್ತ ನಾಲಿಗೆ ಸರಿಯುವಂತೆ ಮಾಡಿದ್ದಳು. ಅಲ್ಲಿಯವರೆಗಿನ ಕೆಲಸ ಅವಳದೇ.

ದೀಪದ ಕೆಲಸವನ್ನು ಮಾತ್ರ ಅವಳ ಅಪ್ಪ ಯಾರೋ ತಿಳಿದವರಿಂದ ಮಾಡಿಸಿದ್ದರು. ಯಾವ ಹಳಿಗೆ ದಾರಿ ಆಗಿದೆ ಎಂದು ತೋರಿಸಲು ಮೂರು ಬಿಳಿ ಎಲ್‌ಇಡಿ. ಲಿವರಿನ ಬುಡದಲ್ಲೇ ಸ್ವಿಚ್ಚು. ಲಿವರ್ ನೇರ ಇದ್ದರೆ ಮೈನ್ ದೀಪ, ಎಳೆದರೆ ಲೂಪಿನ ದೀಪ. ನೋಡಲು ಬಲು ಚಂದ.

ನಾನು ಪುತ್ತೂರಿನಲ್ಲಿ ಮೂವತ್ತು ವರ್ಷದಿಂದ ರೇಡಿಯೋ, ಟೇಪ್‌ರೆಕಾರ್ಡರ್, ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿಕೊಂಡು ಬಂದವನು. ಒಂದು ಭಾನುವಾರ ಅವರ ಮನೆಗೆ ಹೋದಾಗ ಹುಡುಗಿ ನನ್ನನ್ನು ಜಗಲಿಗೆ ಎಳೆದೊಯ್ದಳು.

"ಮಾವ, ಇಲ್ಲಿ ನೋಡಿ. ಲೈಟು ಮೈನ್ ಅಂತ ತೋರಿಸ್ತದೆ, ಆದರೆ ಒಮ್ಮೊಮ್ಮೆ ರೈಲು ಲೂಪಿಗೆ ಹೋಗ್ತದೆ. ಯಾಕೆ?"

ಬಗ್ಗಿ ನೋಡಿದೆ. ನಾಲಿಗೆಗೂ ಹಳಿಗೂ ನಡುವೆ ಅಡಿಕೆ ಸಿಪ್ಪೆಯ ಒಂದು ಎಳೆ ನಾರು ಸಿಕ್ಕಿಕೊಂಡಿತ್ತು. ಅದೇ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸವೂ ನಡೆಯುತ್ತಿತ್ತು. ಲಿವರ್ ಪೂರ್ತಿ ಹಿಂದೆ ಬಂದಿತ್ತು, ಸೈಕಲ್ ಕಡ್ಡಿ ಸ್ವಲ್ಪ ಬಾಗಿತ್ತು, ನಾಲಿಗೆ ಅರ್ಧದಲ್ಲೇ ನಿಂತಿತ್ತು. ದೀಪಕ್ಕೆ ಇದೊಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಲಿವರ್ ಮಾತ್ರ.

"ನಾರು ತೆಗೆದರಾಯ್ತಲ್ಲ ಭಾವ," ಎಂದರು ಅವಳಪ್ಪ. "ಪ್ರದರ್ಶನದ ದಿನ ದೀಪ ಉರಿದರೆ ಸಾಕು. ಒಳಗಿನ ವಯರು ಯಾರು ನೋಡ್ತಾರೆ?"

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಉಳಿದಿದ್ದುದು ಒಂದೇ ವಾರ, ತೋಟದಲ್ಲಿ ಕೈತುಂಬ ಕೆಲಸ. ಆದರೆ ಹುಡುಗಿಯ ಮುಖ ಸಣ್ಣದಾಯಿತು. "ಅದು ಸುಳ್ಳು ಹೇಳ್ತದಲ್ಲ ಅಪ್ಪ," ಎಂದಳು.

ನನಗೆ ನೆನಪಾದದ್ದು ನಮ್ಮ ಪಂಪ್‌ಸೆಟ್ಟು. ಸ್ಟಾರ್ಟರಿನ ದೀಪ ಉರಿಯುತ್ತಿರುತ್ತದೆ, ಮೋಟರು ಗುಂಯ್ ಎನ್ನುತ್ತಿರುತ್ತದೆ, ತೋಟದಲ್ಲಿ ನೋಡಿದರೆ ಪೈಪಿನ ಬಾಯಿ ಒಣ. ಫುಟ್‌ವಾಲ್ವಿನಲ್ಲಿ ಕಸ ಕೂತು ನೀರೆಲ್ಲ ಬಾವಿಗೇ ಇಳಿದುಹೋಗಿರುತ್ತದೆ. ಸ್ಟಾರ್ಟರಿನ ದೀಪವನ್ನು ನಂಬಿ ಮನೆಯಲ್ಲಿ ಕೂತವರ ಪಂಪು ಸುಟ್ಟುಹೋದದ್ದನ್ನು ಎಷ್ಟು ಕಂಡಿದ್ದೇನೆ! ನೀರು ಬಂತೇ ಎಂದು ತಿಳಿಯಬೇಕಾದರೆ ಪೈಪಿನ ಬಾಯಿಯನ್ನೇ ಕೇಳಬೇಕು. ಹಾಗೆಯೇ ದಾರಿಯ ದೀಪ ಕೇಳಬೇಕಾದದ್ದು ನಾಲಿಗೆಯನ್ನು.

ನಿಜವಾದ ರೈಲ್ವೆಯವರು ಮಾಡುವುದೂ ಅದನ್ನೇ. ಕೈಯಿಂದ ತಿರುಗಿಸುವ ಪಾಯಿಂಟ್ಸ್ ಇದ್ದ ಕಾಲದಲ್ಲಿ ಹಳಿಯ ಪಕ್ಕ ಒಂದು ಗಿಡ್ಡ ದೀಪ ಇರುತ್ತಿತ್ತು. ನಾಲಿಗೆ ಸರಿದ ಹಾಗೆ ಅದೂ ತಿರುಗುತ್ತಿತ್ತು. ರಾತ್ರಿ ಹೊತ್ತು ಬಿಳಿ ಬೆಳಕು ಕಂಡರೆ ನೇರ ದಾರಿ, ಹಸಿರು ಕಂಡರೆ ತಿರುವು. ಈಗ ನಾಲಿಗೆಯನ್ನು ಸರಿಸುವುದು ವಿದ್ಯುತ್ ಯಂತ್ರ. ಅದು ತಳ್ಳಿ ಸುಮ್ಮನಾಗುವುದಿಲ್ಲ. ನಾಲಿಗೆ ಹಳಿಗೆ ಅಂಟಿತೇ, ಬೀಗ ಬಿತ್ತೇ ಎಂದು ಬೇರೆಯೇ ಸಂಪರ್ಕಗಳಿಂದ ತಿಳಿದು ಸುದ್ದಿ ಕಳಿಸುತ್ತದೆ. ನಾಲಿಗೆಗೂ ಹಳಿಗೂ ನಡುವೆ 5 ಮಿಲಿಮೀಟರ್ ದಪ್ಪದ ತುಂಡೊಂದನ್ನು ಇಟ್ಟು ಪರೀಕ್ಷೆ ಮಾಡುತ್ತಾರೆ. ಅಷ್ಟು ಸಂದು ಉಳಿದರೂ ಬೀಗ ಬೀಳಕೂಡದು, ಸಿಗ್ನಲ್ ಬರಕೂಡದು.

ಆ ಸಂಜೆಯೇ ಕೆಲಸಕ್ಕೆ ಕೂತೆವು. ಲಿವರಿನ ಬುಡದ ಸ್ವಿಚ್ಚನ್ನು ಅವಳೇ ಕಿತ್ತಳು. ಬದಲಿಗೆ ಅಂಗಡಿಯ ಮೈಕ್ರೋಸ್ವಿಚ್ ಹಾಕಬಹುದಿತ್ತು. ಆದರೆ ಅದು ಟಕ್ಕೆಂದು ಒಂದು ಕಡೆ ಇಲ್ಲವೇ ಇನ್ನೊಂದು ಕಡೆ ಬೀಳುವ ಜಾತಿಯದು. ನಾಲಿಗೆ ನಡುವೆ ಸಿಕ್ಕಿಕೊಂಡರೂ ಅದು ಏನಾದರೊಂದು ಉತ್ತರ ಕೊಟ್ಟೇಕೊಡುತ್ತದೆ, ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೂ ಪುಟ ತುಂಬಿಸುವ ಹುಡುಗನ ಹಾಗೆ. ನಮಗೆ ಬೇಕಾದದ್ದು ಗೊತ್ತಿಲ್ಲದಾಗ ಸುಮ್ಮನಿರುವ ದೀಪ. ಹಳೆಯ ಟಾರ್ಚಿನ ಹಿತ್ತಾಳೆ ಪಟ್ಟಿ ಕತ್ತರಿಸಿ, ಒಂದು ತುಂಡನ್ನು ನಾಲಿಗೆಯ ಜೊತೆ ಸರಿಯುವಂತೆ ಅಂಟಿಸಿದೆವು. ಎರಡು ಬದಿಗೆ ಎರಡು ಗಟ್ಟಿ ಪಟ್ಟಿ. ನಾಲಿಗೆ ಪೂರ್ತಿ ಮುಟ್ಟಿದರೆ ಮಾತ್ರ ಪಟ್ಟಿಗೆ ಪಟ್ಟಿ ತಾಗುತ್ತದೆ. ನಡುವೆ ನಿಂತರೆ ಯಾವುದಕ್ಕೂ ತಾಗುವುದಿಲ್ಲ, ಎಲ್ಲ ಕತ್ತಲೆ. ರೈಲ್ವೆಯಲ್ಲಿ 5 ಮಿಲಿಮೀಟರಿನ ತುಂಡಾದರೆ ನಮ್ಮದು ಮದುವೆ ಕಾಗದದ ಚೂರು. ಅದನ್ನು ಸಂದಿನಲ್ಲಿಟ್ಟು ಲಿವರ್ ಎಳೆಯುವುದು, ದೀಪ ಬಂದರೆ ಪಟ್ಟಿಯನ್ನು ಕೂದಲೆಳೆಯಷ್ಟು ಬಗ್ಗಿಸುವುದು, ಪುನಃ ಎಳೆಯುವುದು. ಇದಕ್ಕೇ ಎರಡು ಸಂಜೆ ಹೋದವು.

ವಯರು ಎಳೆಯುವ ಹೊತ್ತಿಗೆ ನನಗೇ ಖುಷಿ ಕೊಟ್ಟ ಒಂದು ಸಂಗತಿ ಹೇಳಬೇಕು. ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿ ಮೊದಲು ಒಂದನೆಯ ಪಾಯಿಂಟಿನ ಸರಿಯುವ ಪಟ್ಟಿಗೆ. ಅಲ್ಲಿಂದ ನೇರ ಬದಿಯ ಪಟ್ಟಿಯ ತಂತಿ ಮೈನ್ ದೀಪಕ್ಕೆ. ತಿರುವಿನ ಬದಿಯ ತಂತಿ ದೀಪಕ್ಕಲ್ಲ, ಎರಡನೆಯ ಪಾಯಿಂಟಿನ ಸರಿಯುವ ಪಟ್ಟಿಗೆ. ಅದರ ಒಂದು ಬದಿ ಮೊದಲ ಲೂಪಿನ ದೀಪ, ಇನ್ನೊಂದು ಬದಿ ಎರಡನೆಯ ಲೂಪಿನ ದೀಪ. ಹುಡುಗಿ ಇದನ್ನು ಕಾಗದದ ಮೇಲೆ ಬರೆದು ನೋಡಿದಳು. ಬರೆದು ಮುಗಿದಾಗ ಅದು ಅವಳ ಹಳಿಯ ನಕ್ಷೆಯೇ ಆಗಿತ್ತು! ರೈಲು ಹೋಗುವ ದಾರಿಯಲ್ಲೇ ಕರೆಂಟೂ ಹೋಗುತ್ತದೆ, ರೈಲು ಮುಟ್ಟಲಾರದ ಹಳಿಯ ದೀಪವನ್ನು ಕರೆಂಟೂ ಮುಟ್ಟಲಾರದು. ಒಂದು ಸಲಕ್ಕೆ ಒಂದೇ ದೀಪ ಉರಿಯುವುದರಿಂದ ಮೂರಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕು. 9 ವೋಲ್ಟಿನ ಬ್ಯಾಟರಿಯಲ್ಲಿ ಬಿಳಿ ಎಲ್‌ಇಡಿ ಸುಮಾರು 3 ವೋಲ್ಟು ತಿಂದರೆ ಉಳಿದದ್ದು 6. 470 ಓಮಿನ ರೆಸಿಸ್ಟರಿಗೆ ಭಾಗಿಸಿದರೆ ಸುಮಾರು 13 ಮಿಲಿಆಂಪಿಯರ್. ದೀಪಕ್ಕೆ ಹಿತವಾದ ಪ್ರಮಾಣ. ಓಮನ ನಿಯಮವನ್ನು ಅವಳು ಮುಂದಿನ ವರ್ಷ ಓದಬೇಕಿತ್ತು, ಈ ವರ್ಷವೇ ಕಲಿತಳು.

ನಡುವೆ ಒಂದು ದಿನ ಅವಳನ್ನು ನೆಟ್ಟಣಕ್ಕೆ ಕರೆದುಕೊಂಡು ಹೋದೆ. ಹಾಸನ-ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ಪೂರ್ಣವಾದದ್ದು, ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಮಾಡಲು ಕಿತ್ತದ್ದು, ಮತ್ತೆ ಘಟ್ಟ ಹತ್ತುವ ಪ್ರಯಾಣಿಕರ ರೈಲಿಗಾಗಿ 2007ರ ಡಿಸೆಂಬರಿನವರೆಗೆ ನಮ್ಮ ಜನ ಕಾದದ್ದು, ಎಲ್ಲ ದಾರಿಯಲ್ಲೇ ಹೇಳಿದೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿ ಸಾಗಿದರೆ 1 ಅಡಿ ಏರು. ಅವಳಿಗೆ ಆ ಪುರಾಣ ಬೇಡ. ಪ್ಲಾಟ್‌ಫಾರ್ಮಿನ ತುದಿಯಿಂದ ದೂರದ ಪಾಯಿಂಟ್ಸ್ ನೋಡುತ್ತ ನಿಂತಳು. (ತುದಿಯಿಂದಲೇ ಮಕ್ಕಳೇ, ಹಳಿಗೆ ಇಳಿಯಕೂಡದು.) ಹಳಿಯ ಪಕ್ಕದ ಪೆಟ್ಟಿಗೆ ಗುರ್ ಎಂದಿತು, ನಾಲಿಗೆ ಸರಿಯಿತು, ಅನಂತರ ಸಿಗ್ನಲ್ ಬದಲಾಯಿತು. "ಅನಂತರ, ಮಾವ! ಮೊದಲಲ್ಲ," ಎಂದು ನನ್ನ ತೋಳು ಹಿಡಿದು ಅಲುಗಿಸಿದಳು. ಲೂಪಿಗೆ ತಿರುಗುವ ರೈಲಿಗೆ ಸಿಗ್ನಲಿನ ನೆತ್ತಿಯಲ್ಲಿ ಓರೆಯಾಗಿ ಐದು ಬಿಳಿ ದೀಪಗಳ ಸಾಲು ಬೆಳಗುತ್ತದೆ, ಮೈನ್ ಲೈನಿಗೆ ಆ ಸಾಲು ಬೆಳಗುವುದಿಲ್ಲ. ಸಿಗ್ನಲಿನ ದೀಪವೇ ಆರಿಹೋದರೆ ಚಾಲಕರು ಅದನ್ನು ಅತಿ ಬಿಗಿಯಾದ ಸೂಚನೆಯೆಂದೇ ತಿಳಿಯಬೇಕು ಎಂದು ಹೇಳಿದೆ.

"ಹಾಗಾದರೆ ದೊಡ್ಡ ರೈಲಿಗೆ ನಮ್ಮ ಹಾಗೆ ಆಗುವುದೇ ಇಲ್ಲವಾ?"

ಏನು ಹೇಳುವುದೆಂದು ಯೋಚಿಸಿದೆ. ಮಕ್ಕಳಿಗೆ ಇಂಥದ್ದನ್ನೆಲ್ಲ ಯಾಕೆ ಹೇಳಬೇಕು ಎನ್ನುವವರಿದ್ದಾರೆ. ಕೇಳುವ ಮಗುವಿಗೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಹೇಳಿದೆ.

2023ರ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರದ ಹತ್ತಿರ ಬಹನಾಗಾ ಬಜಾರ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೈನ್ ಲೈನಿನ ಹಸಿರು ಸಿಗ್ನಲ್ ಸಿಕ್ಕಿತ್ತು. ಪಾಯಿಂಟ್ಸ್ ಮಾತ್ರ ಲೂಪಿಗೆ ತಿರುಗಿತ್ತು. ಲೂಪಿನಲ್ಲಿ ಗೂಡ್ಸ್ ರೈಲು ನಿಂತಿತ್ತು. ಗಂಟೆಗೆ ಸುಮಾರು 128 ಕಿಲೋಮೀಟರ್ ವೇಗದಲ್ಲಿದ್ದ ರೈಲು ಅದಕ್ಕೆ ಹೋಗಿ ಬಡಿಯಿತು. ಹಳಿ ತಪ್ಪಿದ ಬೋಗಿಗಳು ಎದುರಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೂ ತಾಗಿದವು. ಸತ್ತವರು 290ಕ್ಕಿಂತ ಹೆಚ್ಚು. ಚಾಲಕರ ತಪ್ಪೇನೂ ಇರಲಿಲ್ಲ. ಅವರು ದೀಪವನ್ನು ನಂಬಿದ್ದರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟು ಮಾಡಿದ್ದು ವಯರಿಂಗಿಗೆ. ಹಿಂದೊಮ್ಮೆ ಸಿಗ್ನಲಿನ ಸರ್ಕ್ಯೂಟು ಬದಲಿಸುವಾಗ ಆದ ಲೋಪ, ಆಮೇಲೆ ಲೆವೆಲ್ ಕ್ರಾಸಿಂಗಿನ ಗೇಟು ಬದಲಿಸುವ ಕೆಲಸದಲ್ಲಿ ಆದ ಲೋಪ. ಪೆಟ್ಟಿಗೆಯೊಳಗಿನ ತಂತಿಗಳ ಹೆಸರು ತಪ್ಪಾಗಿ ಬರೆದದ್ದು ವರ್ಷಗಟ್ಟಲೆ ಹಾಗೆಯೇ ಉಳಿದಿತ್ತಂತೆ. ನಾಲಿಗೆಯನ್ನು ಕೇಳುವ ಏರ್ಪಾಡು ಅಲ್ಲಿಯೂ ಇತ್ತು. ಉತ್ತರ ತರುವ ತಂತಿಯೇ ಅದಲುಬದಲಾಗಿತ್ತು.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಬಂದವಳೇ ಔಷಧದ ಡಬ್ಬಿಯಿಂದ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಸುರುಳಿ ತೆಗೆದು, ಹಲಗೆಯ ಅಡಿಯ ಒಂದೊಂದು ತಂತಿಯ ಎರಡು ತುದಿಗೂ ಚೂರು ಅಂಟಿಸಿ ಹೆಸರು ಬರೆದಳು. ಬರೆದ ಮೇಲೆ ಒಂದೊಂದನ್ನೇ ಬಿಚ್ಚಿ, ಬರೆದ ದೀಪವೇ ಆರುತ್ತದೆಯೇ ಎಂದು ನೋಡಿದಳು. ಅವಳಪ್ಪ ಈ ಸಲ ಏನೂ ಹೇಳದೆ ಟಾರ್ಚು ಹಿಡಿದು ಹಲಗೆಯ ಅಡಿಗೆ ಬೆಳಕು ಕೊಡುತ್ತ ಕೂತರು. ಅಡಿಕೆ ಸುಲಿಯುವುದನ್ನು ಅಂಗಳದ ಆಚೆ ಬದಿಗೆ ಕಳಿಸಿದ್ದೂ ಅವರೇ.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ನೋಡಬಂದ ಮಕ್ಕಳಿಗೆ ಅವಳು ಮದುವೆ ಕಾಗದದ ಚೂರನ್ನೇ ಕೈಗೆ ಕೊಟ್ಟು, "ನೀವೇ ಸಿಕ್ಕಿಸಿ ನೋಡಿ," ಎನ್ನುತ್ತಿದ್ದಳು. ತೀರ್ಪುಗಾರರು ಬಂದ ಹೊತ್ತಿಗೆ ಯಾರೋ ಒಬ್ಬ ಪುಟ್ಟ ಅದನ್ನು ಸಂದಿನಲ್ಲೇ ಬಿಟ್ಟುಹೋಗಿದ್ದ. ಅವರು ಲಿವರ್ ಎಳೆದರು. ಒಂದು ದೀಪವೂ ಉರಿಯಲಿಲ್ಲ.

"ಏನಮ್ಮ, ಲೈಟೇ ಬರುವುದಿಲ್ಲವಲ್ಲ?"

"ಹೌದು ಸಾರ್, ಬರಬಾರದು. ದಾರಿ ಇನ್ನೂ ಆಗಿಲ್ಲ," ಎಂದು ಹೇಳಿ, ಚೂರನ್ನು ತೆಗೆದು ತೋರಿಸಿದಳು. ಅವರು ತಲೆದೂಗಿ ಮುಂದಿನ ಮೇಜಿಗೆ ಹೋದರು. ಮೊದಲ ಬಹುಮಾನ ಜ್ವಾಲಾಮುಖಿಗೆ ಬಂತು. ಮರಳಿ ಬರುವಾಗ ಜೀಪಿನಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗಿ, ಮೂರನೆಯ ಪಾಯಿಂಟ್ಸ್ ಸೇರಿಸಿದರೆ ತಂತಿ ಎಲ್ಲಿಂದ ಕವಲೊಡೆಯಬೇಕೆಂದು ನನ್ನನ್ನು ಕೇಳುತ್ತಿದ್ದಳು.